ಫಿಲಂ ಮತ್ತು ರೇಂಜ್‌ಫೈಂಡರ್ ಕ್ಯಾಮೆರಾ: ಚಿಕ್ಕಬಳ್ಳಾಪುರದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ನಿಂತರೆ ಯಾರಾದರೊಬ್ಬರು ಬಂದು "ಇದಕ್ಕೆ ಹಿಂದೆ ಸ್ಕ್ರೀನ್ ಇಲ್ವಾ?" ಅಂತ ಕೇಳುತ್ತಾರೆ. ಆಮೇಲೆ ಬೆಲೆ ಕೇಳುತ್ತಾರೆ. ಆಮೇಲೆ "ನಮ್ಮ ಮನೇಲೂ ಹಳೇದೊಂದು ಇದೆ" ಅನ್ನುತ್ತಾರೆ. ಚಿಂತಾಮಣಿ, ಗೌರಿಬಿದನೂರು, ಕೋಲಾರದ ಕಡೆಯ ಹುಡುಗರು ಫೋನ್ ಮಾಡಿ ಕೇಳುವುದೂ ಇವೇ ಪ್ರಶ್ನೆಗಳನ್ನು. ಒಂದೇ ಉತ್ತರವನ್ನು ಎಷ್ಟೋ ಸಲ ಹೇಳಿದ್ದೇನೆ. ಈಗ ಒಂದು ಕಡೆ ಬರೆದಿಡುತ್ತಿದ್ದೇನೆ.

ರೇಂಜ್‌ಫೈಂಡರ್ ಅಂದರೆ ಏನು? ಮಾಮೂಲಿ ಎಸ್ಎಲ್ಆರ್‌ಗೂ ಇದಕ್ಕೂ ಏನು ವ್ಯತ್ಯಾಸ?

ಎಸ್ಎಲ್ಆರ್‌ನಲ್ಲಿ ಲೆನ್ಸ್ ಕಂಡದ್ದನ್ನೇ ಕನ್ನಡಿಯ ಮೂಲಕ ನೀವೂ ನೋಡುತ್ತೀರಿ. ರೇಂಜ್‌ಫೈಂಡರ್‌ನಲ್ಲಿ ಹಾಗಲ್ಲ. ಮೇಲಿರುವ ಬೇರೆ ಕಿಟಕಿಯಿಂದ ನೋಡುತ್ತೀರಿ. ಅದರ ಮಧ್ಯೆ ಒಂದು ಸಣ್ಣ ಹೊಳೆಯುವ ಚೌಕ ಇರುತ್ತದೆ. ಪಕ್ಕದ ಇನ್ನೊಂದು ಕಿಟಕಿಯಿಂದ ಬಂದ ಬಿಂಬ ಆ ಚೌಕದಲ್ಲಿ ಕೂರುತ್ತದೆ.

ಎದುರಿಗೆ ರೈತರೊಬ್ಬರು ಗೂಡನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದಾರೆ ಅಂದುಕೊಳ್ಳಿ. ಚೌಕದೊಳಗೆ ಅವರ ಹೆಬ್ಬೆರಳು ಎರಡಾಗಿ ಕಾಣುತ್ತದೆ. ಲೆನ್ಸ್ ತಿರುಗಿಸಿದಂತೆ ಒಂದು ಬೆರಳು ಇನ್ನೊಂದರ ಕಡೆಗೆ ಸರಿಯುತ್ತದೆ. ಎರಡೂ ಒಂದಾದ ಕಡೆ ಫೋಕಸ್ ಕೂತಿತು ಅಂತ ಅರ್ಥ. ಒಳಗೆ ಕನ್ನಡಿ ಮೇಲೆ ಕೆಳಗೆ ಹಾರುವುದಿಲ್ಲ. ಹಾಗಾಗಿ ಸದ್ದು ಕಡಿಮೆ, ಅದುರುವುದು ಕಡಿಮೆ. ಚಿತ್ರ ತೆಗೆದ ಕ್ಷಣದಲ್ಲೂ ಕಣ್ಣೆದುರು ಕತ್ತಲಾಗುವುದಿಲ್ಲ. ಚೌಕಟ್ಟಿನ ಹೊರಗೆ ಯಾರು ಬರುತ್ತಿದ್ದಾರೆ ಅನ್ನುವುದೂ ಕಾಣುತ್ತಿರುತ್ತದೆ. ನನಗೆ ಇದರಲ್ಲಿ ಜಾಸ್ತಿ ಇಷ್ಟ ಅದೇ.

ಇದರಲ್ಲಿ ಆಗದ ಕೆಲಸ ಯಾವುದು?

ಹಕ್ಕಿ, ಪ್ರಾಣಿ, ಹೂವಿನೊಳಗಿನ ಹುಳ. ಇವು ಮೂರೂ ಆಗುವುದಿಲ್ಲ. ಲೆನ್ಸಿನ ಮಿ.ಮೀ. ಹೆಚ್ಚಾದಷ್ಟು ದೂರದ್ದು ದೊಡ್ಡದಾಗಿ ಕಾಣುತ್ತದೆ, ಆದರೆ 135 ಮಿ.ಮೀ. ದಾಟಿದ ಲೆನ್ಸ್ ಇದಕ್ಕೆ ಒಗ್ಗುವುದಿಲ್ಲ. ಜರ್ಮನಿಯ ಲೈಕಾ ಕಂಪನಿಯ ಎಂ ಸಾಲಿನ ರೇಂಜ್‌ಫೈಂಡರ್ ಲೆನ್ಸ್‌ಗಳಲ್ಲಿ ಬಹುಪಾಲು 70 ಸೆಂಟಿಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ, ಹಳೆಯವು ಒಂದು ಮೀಟರಿಗೇ ನಿಲ್ಲುತ್ತವೆ. ಮಧುಗಿರಿ ತಾಲೂಕಿನ ಮೈದನಹಳ್ಳಿಗೆ ಕೃಷ್ಣಮೃಗ ನೋಡಲು ಹೋಗುವವರು ಇದನ್ನು ಮನೆಯಲ್ಲೇ ಬಿಟ್ಟು ಹೋಗಬಹುದು.

ಮನೆಯಲ್ಲಿ ತಾತನ ಕಾಲದ ಕ್ಯಾಮೆರಾ ಇದೆ. ಅದು ರೇಂಜ್‌ಫೈಂಡರಾ?

ನಮ್ಮ ಕಡೆ ಬೀರುವಿನಿಂದ ಜಾಸ್ತಿ ಹೊರಬರುವುದು ಎರಡು.

ಒಂದು ಅಗ್ಫಾ ಕ್ಲಿಕ್ 3. ಇದು ರೇಂಜ್‌ಫೈಂಡರ್ ಅಲ್ಲ, ಸರಳ ಡಬ್ಬಿ ಕ್ಯಾಮೆರಾ. 120 ಅನ್ನುವ ಅಗಲದ ರೀಲಿನಲ್ಲಿ 12 ಚೌಕ ಚಿತ್ರ ಬರುತ್ತದೆ. ಆ ರೀಲು ಈಗಲೂ ಸಿಗುತ್ತದೆ, ತೆಗೆದು ನೋಡಿ.

ಎರಡನೆಯದು ಯಾಶಿಕಾ ಎಲೆಕ್ಟ್ರೋ 35. ಇದು ನಿಜವಾದ ರೇಂಜ್‌ಫೈಂಡರ್. 1966ರಲ್ಲಿ ಬಂದದ್ದು. ನೀವು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಗಲ) ಇಟ್ಟರೆ ಶಟರ್ ವೇಗವನ್ನು (ಬೆಳಕು ಎಷ್ಟು ಹೊತ್ತು ಬೀಳಬೇಕು ಅನ್ನುವುದನ್ನು) ಅದೇ ನೋಡಿಕೊಳ್ಳುತ್ತದೆ. ಇದಕ್ಕೆ ಬೇಕಾದ 5.6 ವೋಲ್ಟಿನ ಹಳೆಯ ಪಾದರಸದ ಬ್ಯಾಟರಿ ಈಗ ಇಲ್ಲ. 6 ವೋಲ್ಟಿನ 4ಎಲ್ಆರ್44 ಬ್ಯಾಟರಿಯನ್ನು ಅಡಾಪ್ಟರ್ ಜೊತೆ ಹಾಕಿದರೆ ನಡೆಯುತ್ತದೆ. ಬ್ಯಾಟರಿ ಇಲ್ಲದಿದ್ದರೆ ಎಲ್ಲ ಚಿತ್ರವನ್ನೂ 1/500 ಸೆಕೆಂಡಿನಲ್ಲೇ ಹೊಡೆಯುತ್ತದೆ. ಫಿಲಂ ಮುಂದಕ್ಕೆ ತಳ್ಳುವ ಲಿವರ್ ಎಳೆಯುವಾಗ ಒಳಗೆ "ಟಕ್" ಅಂತ ಒಂದು ಸದ್ದು ಕೇಳಬೇಕು. ಕೇಳದಿದ್ದರೆ ಒಳಗಿನ ಸಣ್ಣ ರಬ್ಬರ್ ತುಂಡು ಕರಗಿಹೋಗಿದೆ, ಎಕ್ಸ್‌ಪೋಷರ್, ಅಂದರೆ ಫಿಲಂಗೆ ಬೀಳುವ ಬೆಳಕಿನ ಅಳತೆ, ತಪ್ಪುತ್ತದೆ. ಕೈಚಳಕ ಇರುವ ಮೆಕ್ಯಾನಿಕ್ ಅದನ್ನು ಬದಲಾಯಿಸಬಲ್ಲರು.

ತಾತನ ಕ್ಯಾಮೆರಾ ಅಂದಮೇಲೆ ಮೊದಲು ಹಿಂದಿನ ಬಾಗಿಲು ತೆಗೆಯಬೇಡಿ. ಒಳಗೆ ರೀಲು ಇರಬಹುದು. ರಿವೈಂಡ್ ಮಾಡುವ ಗುಂಡಿಯನ್ನು ಮೆಲ್ಲಗೆ ತಿರುಗಿಸಿ. ಬಿಗಿ ಅನಿಸಿದರೆ ಫಿಲಂ ಇದೆ.

ದುಬಾರಿ ಕ್ಯಾಮೆರಾಗೇ ನೇರವಾಗಿ ಹೋಗಬಹುದಾ?

ಹೋಗಬಹುದು, ಆದರೆ ನನ್ನ ಮಾತು ಕೇಳುವುದಾದರೆ ಬೇಡ. ಮೊದಲು ಕ್ಯಾನನ್ ಕ್ಯಾನೋನೆಟ್ ಕ್ಯೂಎಲ್17 ಜಿ3 ಥರದ್ದನ್ನು ಆರು ತಿಂಗಳು ಬಳಸಿ. 40 ಮಿ.ಮೀ. ಎಫ್ 1.7 ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟು ಅಪರ್ಚರ್ ದೊಡ್ಡದು), ಕೈಗೆ ಸರಿಯಾಗಿ ಕೂರುತ್ತದೆ. ಬೆಳಕು ಅಳೆಯುವ ಮೀಟರ್‌ಗೆ ಬೇಕಾದ ಪಾದರಸದ ಸೆಲ್ ಸಿಗದಿದ್ದರೆ ಕಿವಿ ಮಷಿನ್‌ಗೆ ಹಾಕುವ 675 ಸೆಲ್ ಸಾಕು, ಅಲುಗದ ಹಾಗೆ ಸುತ್ತ ಒಂದು ರಬ್ಬರ್ ರಿಂಗ್ ಕೊಡಿ. ಸೆಲ್ ಇಲ್ಲದೆಯೂ ಕೈಯಿಂದ ಎಲ್ಲ ಹೊಂದಿಸಿಕೊಂಡು ಬಳಸಬಹುದು. ಈ ಥರದ ಕ್ಯಾಮೆರಾದ ಬಾಗಿಲ ಅಂಚಿನ ಸ್ಪಂಜು ಪುಡಿಯಾಗಿರುತ್ತದೆ, ಬೆಳಕು ಸೋರುತ್ತದೆ. ಅದನ್ನು ಕಿತ್ತು ಹೊಸದು ಅಂಟಿಸಿಕೊಳ್ಳಿ.

ಆರು ತಿಂಗಳಲ್ಲಿ ಎರಡು ಬಿಂಬ ಕೂಡಿಸುವುದು ನಿಮಗೆ ಖುಷಿ ಕೊಡುತ್ತದೋ ಕಿರಿಕಿರಿಯೋ ಅನ್ನುವುದು ಗೊತ್ತಾಗುತ್ತದೆ. ಕಿರಿಕಿರಿ ಆಗುವವರಿಗೆ ಲಕ್ಷದ ಕ್ಯಾಮೆರಾದಲ್ಲೂ ಕಿರಿಕಿರಿಯೇ.

ಲೈಕಾದಲ್ಲಿ ಯಾವುದು ತಗೊಳ್ಳಲಿ?

ಜಾಸ್ತಿ ಬರುವ ಪ್ರಶ್ನೆ ಇದು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಮಾರುಕಟ್ಟೆಗೆ ಬಂದದ್ದು 1925ರಲ್ಲಿ. ಆಮೇಲೆ ಬಂದ ಹಳೆಯ ಮಾದರಿಗಳಿಗೆ 39 ಮಿ.ಮೀ. ಮರೆಯ ಲೆನ್ಸ್, ಅಂದರೆ ಬಲ್ಬಿನ ಥರ ತಿರುಗಿಸಿ ಹಾಕುವುದು. ನೋಡಲು ಬಲು ಚೆಂದ. ಆದರೆ ಫಿಲಂ ತುದಿಯನ್ನು ಕತ್ತರಿಯಿಂದ ಉದ್ದಕ್ಕೆ ಕತ್ತರಿಸಿ ತುಂಬಬೇಕು, ನೋಡುವ ಕಿಟಕಿ ತೂತಿನಷ್ಟು ಚಿಕ್ಕದು. ಮೊದಲ ಕ್ಯಾಮೆರಾ ಆಗಿ ಬೇಡ.

1954ರಲ್ಲಿ ಎಂ3 ಬಂತು. ಇದರ ಕಿಟಕಿ ಹೊರಗಿನ ನೋಟವನ್ನು 0.91 ಪಟ್ಟು ತೋರಿಸುತ್ತದೆ, ಅಂದರೆ ಹೆಚ್ಚು ಕಡಿಮೆ ಬರಿಗಣ್ಣಿನಷ್ಟೇ. ಎರಡೂ ಕಣ್ಣು ಬಿಟ್ಟು ನೋಡಬಹುದು. ಒಳಗಿನ ಚೌಕಟ್ಟುಗಳು 50, 90, 135ಕ್ಕೆ. 50 ಮಿ.ಮೀ. ಒಂದೇ ಸಾಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. 35 ಬೇಕು ಅನ್ನುವವರು ಎಂ2 ಅಥವಾ ಎಂ4 ನೋಡಿ. ಈ ಮೂರರಲ್ಲೂ ಮೀಟರ್ ಇಲ್ಲ, ಬ್ಯಾಟರಿ ಬೇಕಿಲ್ಲ. ಮೊಬೈಲಿನ ಮೀಟರ್ ಆ್ಯಪ್ ಸಾಕಾಗುತ್ತದೆ.

ಮೀಟರ್ ಒಳಗೇ ಬೇಕು ಅಂದರೆ 1984ರ ಎಂ6. ಲೆನ್ಸಿನೊಳಗಿನಿಂದ ಬೆಳಕು ಅಳೆಯುತ್ತದೆ, ಕಿಟಕಿಯಲ್ಲಿ ಕೆಂಪು ಬಾಣದ ಗುರುತು ತೋರಿಸುತ್ತದೆ. ಬ್ಯಾಟರಿ ಸತ್ತರೆ ಮೀಟರ್ ಮಾತ್ರ ನಿಲ್ಲುತ್ತದೆ, ಶಟರ್ ಎಲ್ಲ ವೇಗದಲ್ಲೂ ನಡೆಯುತ್ತದೆ. ಎಂ7 ಹಾಗಲ್ಲ. ಅದು ಬ್ಯಾಟರಿ ಇಲ್ಲದಾಗ 1/60 ಮತ್ತು 1/125ರಲ್ಲಿ ಮಾತ್ರ ಹೊಡೆಯುತ್ತದೆ. ಎಂ6 ಅನ್ನು ಕಂಪನಿ 2022ರಲ್ಲಿ ಮತ್ತೆ ತಯಾರಿಸಲು ಶುರು ಮಾಡಿತು, ಹಾಗಾಗಿ ಹೊಸದೂ ಸಿಗುತ್ತದೆ. ಬೆಲೆ ಮಾತ್ರ ಲಕ್ಷಗಳ ಲೆಕ್ಕ.

ನನ್ನ ಕೈಯಲ್ಲಿರುವುದು ಎಂ2. ಕ್ಯಾನೋನೆಟ್ ನಾಲ್ಕು ವರ್ಷ ಬಳಸಿ ಆಮೇಲೆ ಕೂಡಿಟ್ಟ ದುಡ್ಡಲ್ಲಿ ತಗೊಂಡೆ.

ಲೈಕಾನೇ ಆಗಬೇಕಾ?

ಖಂಡಿತ ಇಲ್ಲ. ಫೋಕ್ಟ್‌ಲ್ಯಾಂಡರ್ ಬೆಸ್ಸಾ ಇದೆ, ಝೈಸ್ ಐಕಾನ್ ಇದೆ. ಎರಡನ್ನೂ ತಯಾರಿಸಿದ್ದು ಜಪಾನಿನ ಕೊಸಿನಾ. ಮಿನೋಲ್ಟಾ ಸಿಎಲ್ಇ ಇದೆ, ಅಂಗೈಯಷ್ಟು ಪುಟ್ಟದು. ಬೆಸ್ಸಾದ ಕೆಲವು ಮಾದರಿ ಬಿಟ್ಟರೆ ಎಂ ಲೆನ್ಸ್ ಇವುಗಳಿಗೂ ಕೂರುತ್ತದೆ. ಆದರೆ ಸಿಎಲ್ಇ ಒಳಗೆ ಎಲೆಕ್ಟ್ರಾನಿಕ್ಸ್ ಇದೆ, ಅದು ಕೆಟ್ಟರೆ ಬಿಡಿಭಾಗ ಸಿಗುವುದು ಕಷ್ಟ. ದೊಡ್ಡ ನೆಗೆಟಿವ್ ಬೇಕಾದವರು ಮಾಮಿಯಾ 7 ನೋಡಬಹುದು, 120 ರೀಲಿನಲ್ಲಿ 6 ಬೈ 7. ನಂದಿ ಬೆಟ್ಟದ ಬುಡದ ಹೊಲಗಳನ್ನು ಅದರಲ್ಲಿ ತೆಗೆದ ಪ್ರಿಂಟ್ ಒಮ್ಮೆ ನೋಡಿದ್ದೆ, ದ್ರಾಕ್ಷಿ ತೋಟದ ಒಂದೊಂದು ಕಲ್ಲು ಕಂಬವನ್ನೂ ಎಣಿಸಬಹುದಿತ್ತು.

ಸೋವಿಯತ್ ಝೋರ್ಕಿ, ಫೆಡ್ ಹೇಗೆ?

ಕಡಿಮೆ ದುಡ್ಡಿಗೆ ಕಲಿಯಲು ಪರವಾಗಿಲ್ಲ. ಒಂದು ಮಾತು ನೆನಪಿಡಿ: ಝೋರ್ಕಿಯಲ್ಲಿ ಮೊದಲು ಫಿಲಂ ಮುಂದಕ್ಕೆ ತಳ್ಳಿ, ಆಮೇಲೆ ಶಟರ್ ವೇಗ ಬದಲಾಯಿಸಿ. ಉಲ್ಟಾ ಮಾಡಿದರೆ ಒಳಗಿನ ಯಂತ್ರ ಕೆಡಬಹುದು.

ಇನ್ನೂ ದೊಡ್ಡ ಎಚ್ಚರಿಕೆ ನಕಲಿಯದ್ದು. ಚಿನ್ನದ ಬಣ್ಣ ಬಳಿದು, ಮೇಲೆ ಹದ್ದಿನ ಗುರುತು ಕೆತ್ತಿ, ಯುದ್ಧಕಾಲದ ಲೈಕಾ ಅಂತ ಮಾರುವವುಗಳಲ್ಲಿ ಬಹಳಷ್ಟು ಇದೇ ಫೆಡ್, ಝೋರ್ಕಿ. ಕಂಡುಹಿಡಿಯುವುದು ಸುಲಭ. ಲೆನ್ಸ್ ಬಿಚ್ಚಿ ಒಳಗೆ ಮೇಲ್ಭಾಗ ನೋಡಿ. ಫೋಕಸ್ ಹೇಳುವ ಸಣ್ಣ ಸನ್ನೆಕೋಲು ಅಲ್ಲಿರುತ್ತದೆ. ಅದರ ತುದಿಯಲ್ಲಿ ದುಂಡನೆಯ ಪುಟ್ಟ ಚಕ್ರ ಇದ್ದರೆ ಲೈಕಾ. ತ್ರಿಕೋನದ ಹಾಗೆ ಚೂಪಾಗಿದ್ದರೆ ಸೋವಿಯತ್ ಮಾಲು. ಲೆನ್ಸ್ ಬಿಚ್ಚಲು ಬಿಡದವರ ಹತ್ತಿರ ವ್ಯಾಪಾರವೇ ಬೇಡ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಏನೇನು ನೋಡಬೇಕು?

ಅರ್ಧ ಗಂಟೆ ಕೇಳಿಕೊಳ್ಳಿ. ಹಗಲು ಹೊತ್ತಲ್ಲಿ ನೋಡಿ. ಜೇಬಲ್ಲಿ ಒಂದು ಸಣ್ಣ ಟಾರ್ಚ್ ಇರಲಿ.

ಮೊದಲು ಆ ಮಧ್ಯದ ಚೌಕ. ಹೊರಗೆ ಬಂದು ಕನಿಷ್ಠ ಒಂದು ಕಿಲೋಮೀಟರ್ ದೂರದ ಮೊಬೈಲ್ ಟವರ್ ನೋಡಿ. ಲೆನ್ಸ್ ಅನಂತದ (∞) ಗುರುತಿಗೆ ತಾಗಿದಾಗ ಟವರ್ ಒಂದೇ ಕಾಣಬೇಕು. ಅಕ್ಕಪಕ್ಕ ಸರಿದಿದ್ದರೂ ತಪ್ಪು, ಮೇಲೆ ಕೆಳಗೆ ಸರಿದಿದ್ದರೂ ತಪ್ಪು. ಇದನ್ನು ಸರಿಪಡಿಸಬಹುದು. ಆದರೆ ಚೌಕವೇ ಮಸುಕಾಗಿದ್ದರೆ, ಕಾಣದೇ ಹೋದರೆ, ಅದು ದೊಡ್ಡ ಖರ್ಚು. ಎಂ3 ಕೆಳಗೆ ಬಿದ್ದಿದ್ದರೆ ಒಳಗಿನ ಗಾಜಿನ ಅಂಟು ಬಿಟ್ಟು ಚೌಕ ಕಪ್ಪಾಗುವುದುಂಟು. ನಾನು ನೋಡಿದ ಮೊದಲ ಎಂ3 ಹಾಗೇ ಇತ್ತು. ಅಂಗಡಿಯವರು ಸಂಜೆ ಹೊತ್ತು ಟ್ಯೂಬ್‌ಲೈಟ್ ಕೆಳಗೆ ತೋರಿಸಿದರು, ನಾನು ಕತ್ತಲಿಗೆ ಹಾಗೆ ಕಾಣುತ್ತಿದೆ ಅಂದುಕೊಂಡು ಮುಂಗಡ ಕೊಟ್ಟು ಬಂದೆ. ಮರುದಿನ ಬೆಳಿಗ್ಗೆ ಹೋಗಿ ಬಿಸಿಲಲ್ಲಿ ನೋಡಿದರೆ ಚೌಕವೇ ಇಲ್ಲ. ಮುಂಗಡ ವಾಪಸ್ ಬರಲಿಲ್ಲ.

ಆಮೇಲೆ ಶಟರ್. ಲೈಕಾ ಥರ ಲೆನ್ಸ್ ಬಿಚ್ಚಿ ಬರುವುದಾದರೆ ಲೆನ್ಸ್ ತೆಗೆದು ಬಟ್ಟೆಯ ಪರದೆಯನ್ನು ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತು ಇದ್ದರೂ ಪ್ರತಿ ಚಿತ್ರದಲ್ಲಿ ಚುಕ್ಕಿ ಬೀಳುತ್ತದೆ. ಒಂದು ಸೆಕೆಂಡಿಗೆ ಇಟ್ಟು ಒತ್ತಿ. ಒಳಗೆ ಗಡಿಯಾರದ ಥರ "ಝ್ಝ್" ಅಂತ ಒಂದೇ ಸಮನೆ ಓಡಿ ಮುಗಿಯಬೇಕು. ನಡುವೆ ನಿಂತರೆ ಗ್ರೀಸ್ ಗಟ್ಟಿಯಾಗಿದೆ, ಸರ್ವಿಸ್ ಬೇಕು. ಬೆಲೆಯಲ್ಲಿ ಅಷ್ಟು ಇಳಿಸಿ ಕೇಳಿ.

ಕೊನೆಗೆ ಲೆನ್ಸ್. ಅಪರ್ಚರ್ ಪೂರ್ತಿ ತೆಗೆದು, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಗಳ ಥರ ಕಂಡರೆ ಬೂಷ್ಟು. ಹಾಲು ಚೆಲ್ಲಿ ಒರೆಸಿದ ಹಾಗೆ ಕಂಡರೆ ಮಬ್ಬು. ಲೈಕಾದ ಹಳೆಯ 50 ಮಿ.ಮೀ. ಸಮಿಕ್ರಾನ್ ಲೆನ್ಸ್‌ಗಳಲ್ಲಿ ಈ ಮಬ್ಬು ತುಂಬಾ ಸಾಮಾನ್ಯ, ಬಿಚ್ಚಿ ಒರೆಸಿದರೆ ಎಷ್ಟೋ ಸಲ ಹೋಗುತ್ತದೆ. ಬೂಷ್ಟು ಗಾಜಿನ ಮೇಲಿನ ಲೇಪನ ತಿಂದಿದ್ದರೆ ಹೋಗುವುದಿಲ್ಲ. ಒಂದೆರಡು ಧೂಳಿನ ಕಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಬಾಡಿಯ ಮೇಲಿನ ಗೀರು, ಬಣ್ಣ ಹೋಗಿ ಹಿತ್ತಾಳೆ ಕಾಣುವುದು, ಇದೆಲ್ಲ ದೋಷ ಅಲ್ಲ. ಯಾರೋ ದಿನಾ ಬಳಸಿದ್ದಾರೆ ಅಂತ ಅರ್ಥ. ಮೂವತ್ತು ವರ್ಷ ಬೀರುವಿನಲ್ಲಿ ಮಲಗಿದ್ದ ಹೊಳೆಯುವ ಕ್ಯಾಮೆರಾಗಿಂತ ನನಗೆ ಅದೇ ನಂಬಿಕೆ.

ದುಡ್ಡನ್ನು ಹೇಗೆ ಹಂಚಿಕೊಳ್ಳಲಿ?

ಕೈಯಲ್ಲಿ 100 ರೂಪಾಯಿ ಇದೆ ಅಂತಿಟ್ಟುಕೊಳ್ಳಿ. ಕ್ಯಾಮೆರಾ, ಲೆನ್ಸ್ ಎರಡೂ ಸೇರಿ 65ರಲ್ಲಿ ಮುಗಿಯಬೇಕು. 15 ಸರ್ವಿಸ್‌ಗೆ. 20 ಫಿಲಂಗೆ ಮತ್ತು ತೊಳೆಯುವುದಕ್ಕೆ. ಪೂರ್ತಿ ನೂರೂ ಬಾಡಿಗೇ ಸುರಿದು, ಆಮೇಲೆ ರೀಲು ದುಬಾರಿ ಅಂತ ತಿಂಗಳಿಗೆ ಎರಡು ಚಿತ್ರ ತೆಗೆಯುವವರನ್ನು ಬಹಳ ಜನರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಇಂಥ ಯಂತ್ರ ಓಡುತ್ತಿದ್ದರೆ ಮಾತ್ರ ಚೆನ್ನಾಗಿರುತ್ತದೆ. ಕೂತಲ್ಲೇ ಕೂತರೆ ಗ್ರೀಸ್ ಗಟ್ಟಿಯಾಗುತ್ತದೆ, ಲೆನ್ಸಿಗೆ ಬೂಷ್ಟು ಬರುತ್ತದೆ.

ಬಾಡಿಗೂ ಲೆನ್ಸಿಗೂ ನಡುವೆ ಜಗ್ಗಾಡುವುದಾದರೆ ಲೆನ್ಸಿಗೆ ಜಾಸ್ತಿ ಇಡಿ. 39 ಮಿ.ಮೀ. ಮರೆಯ ಹಳೆಯ ಲೆನ್ಸ್‌ಗಳು ಒಂದು ತೆಳು ರಿಂಗ್ ಹಾಕಿದರೆ ಎಂ ಬಾಡಿಗೂ ಕೂರುತ್ತವೆ, ಫೋಕಸ್ ಕೂಡ ಸರಿಯಾಗಿ ಬರುತ್ತದೆ. ದುಡ್ಡು ಉಳಿಸುವ ದಾರಿ ಅದು.

ಜಪಾನಿನಿಂದ ತರಿಸಬಹುದಾ?

ಬಹಳ ಜನ ತರಿಸುತ್ತಾರೆ. ಅಲ್ಲಿನ ಬೆಲೆ ನೋಡಿ ಖುಷಿಪಡುವ ಮೊದಲು ಸಾಗಣೆ, ಆಮದು ಸುಂಕ, ಜಿಎಸ್‌ಟಿ ಕೂಡಿಸಿ. ಸುಂಕ ಎಷ್ಟು ಅಂತ ಆರ್ಡರ್ ಹಾಕುವ ದಿನವೇ ಕೊರಿಯರ್‌ನವರನ್ನು ಕೇಳಿ. ಜೊತೆಗೆ, ಎಷ್ಟೇ "ಮಿಂಟ್" ಅಂತ ಬರೆದಿದ್ದರೂ ಬೂಷ್ಟು, ಮಬ್ಬು ಇವುಗಳ ಬಗ್ಗೆ ಕೆಳಗೆ ಚಿಕ್ಕದಾಗಿ ಏನು ಬರೆದಿದ್ದಾರೆ ಅನ್ನುವುದನ್ನು ಓದಿ.

ಫಿಲಂ ಎಲ್ಲಿ ಸಿಗುತ್ತದೆ, ಯಾವುದು ಹಾಕಲಿ?

ಚಿಕ್ಕಬಳ್ಳಾಪುರದ ಸ್ಟುಡಿಯೋಗಳಲ್ಲಿ ಕೇಳಿ ಪ್ರಯೋಜನವಿಲ್ಲ. ಬೆಂಗಳೂರಿನಿಂದ ಅಥವಾ ಆನ್‌ಲೈನ್‌ನಲ್ಲಿ ತರಿಸಬೇಕು. ಊಟಿಯ ಹಿಂದೂಸ್ಥಾನ್ ಫೋಟೋ ಫಿಲಂಸ್ ನಡೆಯುತ್ತಿದ್ದಾಗ ನಮ್ಮದೇ ದೇಶದ "ಇಂದು" ರೀಲು ಸಿಗುತ್ತಿತ್ತು. ಹಳೆಯ ಸ್ಟುಡಿಯೋದವರು ಈಗಲೂ ಅದರ ಹೆಸರು ಹೇಳುತ್ತಾರೆ. ಈಗ ಎಲ್ಲ ಹೊರಗಿನದೇ.

ಕಲಿಯುವವರಿಗೆ ನಾನು ಹೇಳುವುದು ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಅಥವಾ ಕೊಡಾಕ್ ಟ್ರೈ-ಎಕ್ಸ್. ಎರಡೂ 400 ವೇಗದ ಕಪ್ಪು ಬಿಳುಪು ಫಿಲಂ (ಈ ಸಂಖ್ಯೆ ದೊಡ್ಡದಾದಷ್ಟು ಕಡಿಮೆ ಬೆಳಕು ಸಾಕು). ಒಂದೆರಡು ಸ್ಟಾಪ್ ತಪ್ಪಿದರೂ ಚಿತ್ರ ಉಳಿಯುತ್ತದೆ; ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ ಆಗುವುದು. ಬಣ್ಣಕ್ಕೆ ಕೊಡಾಕ್ ಗೋಲ್ಡ್ 200 ಸಾಕು. ಪೋರ್ಟ್ರಾ 400 ಬಲು ಚೆಂದ, ರೋಲ್ ಒಂದಕ್ಕೆ ಸಾವಿರ ದಾಟುತ್ತದೆ. ತಿಂಗಳಿಗೆ ನಾಲ್ಕು ರೋಲ್‌ಗಿಂತ ಜಾಸ್ತಿ ತೆಗೆಯುವವರು 100 ಅಡಿಯ ದೊಡ್ಡ ರೀಲು ತಂದು ಕತ್ತಲಲ್ಲಿ ಡಬ್ಬಿಗಳಿಗೆ ತುಂಬಿಕೊಳ್ಳಿ, 36 ಚಿತ್ರದ ಸುಮಾರು 18 ರೋಲ್ ಬರುತ್ತದೆ.

ಸಿನಿಮಾ ಫಿಲಂ ಕತ್ತರಿಸಿ ಅಗ್ಗಕ್ಕೆ ಮಾರುತ್ತಾರೆ. ಅದರ ಬೆನ್ನಿಗೆ ಕಪ್ಪು ಇದ್ದಿಲ ಪದರ ಇದ್ದರೆ ಮಾಮೂಲಿ ಬಣ್ಣದ ಲ್ಯಾಬಿಗೆ ಕೊಡಬೇಡಿ, ಅವರ ಮಷಿನ್ ಹಾಳಾಗುತ್ತದೆ. ಮೊದಲೇ ಹೇಳಿ ಕೊಡಿ.

ಫಿಲಂ ತುಂಬುವಾಗ ಎಲ್ಲಿ ತಪ್ಪಾಗುತ್ತದೆ?

ಇದು ನನಗೆ ಇವತ್ತಿಗೂ ನೋವಿನ ವಿಷಯ. ಶಿವರಾತ್ರಿ ಮರುದಿನ ನಂದಿಯಲ್ಲಿ ಭೋಗನಂದೀಶ್ವರನ ರಥೋತ್ಸವ. ಬೆಳಿಗ್ಗೆಯಿಂದ ನಿಂತು 36 ಚಿತ್ರ ತೆಗೆದೆ. ಲಿವರ್ 37ಕ್ಕೂ ಎಳೆಯಿತು, 38ಕ್ಕೂ ಎಳೆಯಿತು. ಆಗ ಎದೆ ಧಸಕ್ ಅಂತು. ಫಿಲಂ ತುದಿ ಸುರುಳಿಗೆ ಸಿಕ್ಕೇ ಇರಲಿಲ್ಲ. ತೇರು ಎಳೆದಾಗಿತ್ತು.

ಅವತ್ತಿನಿಂದ ಒಂದು ಅಭ್ಯಾಸ. ಫಿಲಂ ತುಂಬಿ ಮುಚ್ಚಿದ ಮೇಲೆ ರಿವೈಂಡ್ ಗುಂಡಿಯನ್ನು ಬಾಣದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ ಸಡಿಲ ಹೋಗಿಸಿಕೊಳ್ಳಿ. ಆಮೇಲೆ ಲಿವರ್ ಎಳೆಯಿರಿ. ಗುಂಡಿ ಉಲ್ಟಾ ತಿರುಗಿದರೆ ಫಿಲಂ ಓಡುತ್ತಿದೆ. ತಿರುಗದಿದ್ದರೆ ಬಿಚ್ಚಿ ಮತ್ತೆ ಹಾಕಿ. ಎಂ3, ಎಂ2ರಲ್ಲಿ ಕೆಳಗಿನ ತಟ್ಟೆ ತೆಗೆದು, ಸುರುಳಿ ಹೊರಗೆಳೆದು, ಅದಕ್ಕೆ ಫಿಲಂ ತುದಿ ಸಿಕ್ಕಿಸಿ, ಎರಡನ್ನೂ ಒಟ್ಟಿಗೆ ಇಳಿಸಬೇಕು. ಹಳೆಯ ರೀಲೊಂದನ್ನು ಇಟ್ಟುಕೊಂಡು ಮನೆಯಲ್ಲಿ ಇಪ್ಪತ್ತು ಸಲ ಅಭ್ಯಾಸ ಮಾಡಿ.

ಲೆನ್ಸ್ ಮುಚ್ಚಳ ತೆಗೆಯಲು ಮರೆತರೆ?

ಕಿಟಕಿಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ, ಫಿಲಂ ಮೇಲೆ ಏನೂ ಬೀಳುವುದಿಲ್ಲ. ಹಾಗಂತ ಮುಚ್ಚಳವೇ ಬೇಡ ಅಂತ ಬಿಸಾಡಬೇಡಿ. ಈ ಕ್ಯಾಮೆರಾಗಳಲ್ಲಿ ಅಡ್ಡ ಕನ್ನಡಿ ಇಲ್ಲ. ನಡು ಮಧ್ಯಾಹ್ನ ಲೆನ್ಸ್ ಸೂರ್ಯನ ಕಡೆ ಮುಖ ಮಾಡಿ ಗೋಡೆ ಮೇಲೆ ಇಟ್ಟರೆ, ಭೂತಗನ್ನಡಿ ಕಾಗದ ಸುಡುವ ಹಾಗೆ ಬಿಸಿಲು ಶಟರ್ ಬಟ್ಟೆಯನ್ನು ಸುಟ್ಟು ತೂತು ಮಾಡುತ್ತದೆ. ನಮ್ಮ ಬಯಲುಸೀಮೆ ಬಿಸಿಲಿಗೆ ಜಾಸ್ತಿ ಹೊತ್ತು ಬೇಡ. ನಡೆಯುವಾಗ ಮುಚ್ಚಳ ಹಾಕಿ ಅಥವಾ ಲೆನ್ಸ್ ನೆಲದ ಕಡೆ ಇರಲಿ.

ಮೀಟರ್ ಇಲ್ಲದೆ ಬೆಳಕು ಅಂದಾಜು ಮಾಡುವುದು ಹೇಗೆ?

ನಿಚ್ಚಳ ಬಿಸಿಲಲ್ಲಿ ಎಫ್ 16, ಶಟರ್ ಫಿಲಂ ವೇಗದಷ್ಟು. 400 ಫಿಲಂಗೆ 1/500. ಹೊಂಗೆ ಮರದ ನೆರಳಿಗೆ ಬಂದರೆ ಮೂರು ಸ್ಟಾಪ್ ಬಿಡಿ, ಅಂದರೆ 1/500ಕ್ಕೆ ಎಫ್ 5.6. ಒಂದು ವಾರ ಚಿತ್ರ ತೆಗೆಯದೆ ಸುಮ್ನೆ ಅಂದಾಜು ಹೇಳಿಕೊಂಡು ಮೊಬೈಲಿನಲ್ಲಿ ತಾಳೆ ನೋಡಿ. ಕಣ್ಣು ಕಲಿಯುತ್ತದೆ.

ಗೂಡಿನ ಮಾರುಕಟ್ಟೆಯಲ್ಲಿ ಮೀಟರ್ ಇದ್ದರೂ ಮೋಸ ಹೋಗುತ್ತೀರಿ. ಚೌಕಟ್ಟು ತುಂಬ ಬಿಳಿ ಗೂಡಿನ ರಾಶಿ ಇದ್ದರೆ ಮೀಟರ್ ಅದನ್ನು ಬೂದಿ ಬಣ್ಣ ಅಂದುಕೊಳ್ಳುತ್ತದೆ. ಬಂದ ಚಿತ್ರದಲ್ಲಿ ಗೂಡು ಕೊಳೆಯಾಗಿ, ರೈತರ ಮುಖ ಕಪ್ಪಾಗಿ ಕಾಣುತ್ತದೆ. ಒಂದರಿಂದ ಒಂದೂವರೆ ಸ್ಟಾಪ್ ಜಾಸ್ತಿ ಬೆಳಕು ಕೊಡಿ. ಇಲ್ಲವೇ ನಿಮ್ಮ ಅಂಗೈ ಅಳೆದು ಅದಕ್ಕಿಂತ ಸ್ವಲ್ಪವೇ ಹೆಚ್ಚು ಬೆಳಕು ಬಿಡಿ. ಇನ್ನೊಂದು ನಾನಾಗಿ ಕಂಡುಕೊಂಡದ್ದು: ಕಪ್ಪು ಬಿಳುಪಿನಲ್ಲಿ ಹಳದಿ ಫಿಲ್ಟರ್ ಹಾಕಿದರೆ ಹಳದಿ ಸಿಬಿ (ಮಿಶ್ರತಳಿ) ಗೂಡು ಬಿಳಿಯ ಬೈವೋಲ್ಟೀನ್ ತಳಿಯ ಗೂಡಿನಷ್ಟೇ ಬೆಳ್ಳಗೆ ಬರುತ್ತದೆ. ಎರಡರ ವ್ಯತ್ಯಾಸ ತೋರಿಸಬೇಕಾದರೆ ಫಿಲ್ಟರ್ ತೆಗೆಯಿರಿ.

ಜನ ಓಡಾಡುತ್ತಿರುವಾಗ ಫೋಕಸ್ ಮಾಡಲು ಸಮಯ ಎಲ್ಲಿ?

ಮಾಡಲೇಬೇಡಿ. 35 ಮಿ.ಮೀ. ಲೆನ್ಸನ್ನು ಎಫ್ 8, 3 ಮೀಟರ್‌ಗೆ ಇಟ್ಟರೆ ಸುಮಾರು 2ರಿಂದ 7 ಮೀಟರ್ ತನಕ ಎಲ್ಲವೂ ಸ್ಪಷ್ಟ. ಎರಡು ಮೀಟರ್ ಅಂದರೆ ನನಗೆ ಮೂರು ಹೆಜ್ಜೆ. ನೀವೂ ನಿಮ್ಮ ಹೆಜ್ಜೆ ಅಳೆದುಕೊಳ್ಳಿ.

ಕನ್ನಡಕ ಹಾಕಿದವರಿಗೆ ಕಷ್ಟವಾ?

50ರ ಚೌಕಟ್ಟು ಆರಾಮಾಗಿ ಕಾಣುತ್ತದೆ. 28ರ ಅಂಚು ಕಾಣುವುದು ಕಷ್ಟ. ಹಳೆಯ ಬಾಡಿಗಳ ಕಿಟಕಿಗೆ ಲೋಹದ ಬಳೆ ಇರುತ್ತದೆ, ಕನ್ನಡಕದ ಗಾಜಿಗೆ ಗೀರು ಹಾಕುತ್ತದೆ. ಅದಕ್ಕೆ ತೆಳು ರಬ್ಬರ್ ರಿಂಗ್ ಅಂಟಿಸಿ.

ಮನೆಯಲ್ಲೇ ಫಿಲಂ ತೊಳೆಯಬಹುದಾ? ನಮ್ಮ ಬೋರ್‌ವೆಲ್ ನೀರು ಆಗುತ್ತಾ?

ಕಪ್ಪು ಬಿಳುಪು ಧಾರಾಳವಾಗಿ ಮಾಡಬಹುದು. ಡೆವಲಪರ್ (ಬಿಂಬ ಮೂಡಿಸುವ ದ್ರಾವಣ), ಹೈಪೋ (ಬಿಂಬ ಉಳಿಯುವಂತೆ ಮಾಡುವ ದ್ರಾವಣ), ಒಂದು ಟ್ಯಾಂಕ್, ಥರ್ಮಾಮೀಟರ್ ಇದ್ದರೆ ಬಚ್ಚಲುಮನೆಯೇ ಲ್ಯಾಬ್. ಟ್ಯಾಂಕಿಗೆ ಫಿಲಂ ಸುತ್ತುವಾಗ ಮಾತ್ರ ಪೂರ್ತಿ ಕತ್ತಲು ಬೇಕು, ದಪ್ಪ ಕಂಬಳಿ ಹೊದ್ದು ನಂಬಬೇಡಿ, ಬೆಳಕು ಹೋಗದ, ಕೈ ತೂರಿಸುವ ಚೇಂಜಿಂಗ್ ಬ್ಯಾಗ್ ತಗೊಳ್ಳಿ.

ನಮ್ಮ ಕಡೆ ಎರಡು ತೊಂದರೆ. ಒಂದು ಬಿಸಿ. ಪುಸ್ತಕದಲ್ಲಿ 20 ಡಿಗ್ರಿ ಅಂತ ಇರುತ್ತದೆ, ಏಪ್ರಿಲ್‌ನಲ್ಲಿ ಮಹಡಿ ಮೇಲಿನ ಟ್ಯಾಂಕಿನ ನೀರು 30 ದಾಟಿರುತ್ತದೆ. ಬಕೆಟ್ಟಿನಲ್ಲಿ ಮಣ್ಣಿನ ಮಡಕೆಯ ನೀರು ಹಾಕಿ, ಅದರಲ್ಲಿ ಬಾಟಲಿಗಳನ್ನು ಮುಳುಗಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಐಸ್ ಬಿಡಿ. ಎಚ್‌ಪಿ5 ಅನ್ನು ತೊಳೆಯಲು ಐಡಿ-11 ಡೆವಲಪರಿಗೆ ಒಂದಕ್ಕೊಂದು ನೀರು ಬೆರೆಸಿದರೆ 20 ಡಿಗ್ರಿಗೆ 13 ನಿಮಿಷ. ನೀರು 20ಕ್ಕೆ ಇಳಿಯದಿದ್ದರೆ ಸಮಯ ಕಡಿಮೆ ಮಾಡಬೇಕು, ಫಿಲಂ ಕಂಪನಿಯ ಪಟ್ಟಿ ನೋಡಿ. ಐದು ನಿಮಿಷಕ್ಕಿಂತ ಕೆಳಗೆ ಹೋಗಬೇಡಿ, ಕಲೆ ಕಲೆಯಾಗಿ ಬರುತ್ತದೆ.

ಎರಡನೆಯದು ನೀರಿನ ಗಡಸು. ಆಳದ ಬೋರ್‌ವೆಲ್ ನೀರು ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ವಾ, ಅದೇ ಫಿಲಂ ಮೇಲೂ ಕೂರುತ್ತದೆ. ಒಣಗಿದ ಮೇಲೆ ಹನಿ ಹನಿ ಗುರುತು. ನಡುವೆ ತೊಳೆಯಲು ಬೋರ್ ನೀರು ಪರವಾಗಿಲ್ಲ. ಡೆವಲಪರ್ ಕಲಸಲು ಮತ್ತು ಕೊನೆಯ ಸಲ ಅದ್ದಲು ಊರಿನ ಶುದ್ಧ ನೀರಿನ ಘಟಕದ ನೀರು ಬಳಸಿ. 20 ಲೀಟರ್ ಕ್ಯಾನಿನಲ್ಲಿ ಹತ್ತಾರು ರೋಲ್‌ಗೆ ಆಗುತ್ತದೆ. ಒಣಗಿಸುವುದು ಬಚ್ಚಲಲ್ಲೇ, ಸ್ನಾನ ಮುಗಿದು ಆವಿ ಧೂಳನ್ನು ಕೆಳಗೆ ಕೂರಿಸಿದ ಮೇಲೆ.

ಬಣ್ಣದ ಫಿಲಂಗೆ 38 ಡಿಗ್ರಿ ಕಟ್ಟುನಿಟ್ಟಾಗಿ ಬೇಕು. ಅದನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸಿ. "ನೆಗೆಟಿವ್ ವಾಪಸ್ ಬೇಕು, ಆರಾರಾಗಿ ಕತ್ತರಿಸಿ" ಅಂತ ಚೀಟಿ ಬರೆದಿಡಿ. ಹೇಳದೆ ಕೊಟ್ಟು, ಒಂದು ಲ್ಯಾಬಿನಲ್ಲಿ ಅಜ್ಜಿಯ ಮುಖದ ಮಧ್ಯಕ್ಕೇ ಕತ್ತರಿ ಬಿದ್ದ ನೆಗೆಟಿವ್ ನನ್ನ ಹತ್ತಿರ ಇದೆ.

ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಎಕ್ಸ್‌ರೇ ಮಷಿನ್ ಫಿಲಂ ಹಾಳು ಮಾಡುತ್ತಾ?

ಚೆಕ್-ಇನ್ ಬ್ಯಾಗಿನಲ್ಲಿ ಫಿಲಂ ಯಾವತ್ತೂ ಹಾಕಬೇಡಿ. ಕೈಯಲ್ಲಿ ಒಯ್ಯುವ ಚೀಲದಲ್ಲಿ, ಪಾರದರ್ಶಕ ಕವರಿನೊಳಗೆ ಬೇರೆಯಾಗಿ ಇಟ್ಟು, ಕೈಯಿಂದ ನೋಡಿ ಅಂತ ಭದ್ರತೆಯವರನ್ನು ವಿನಯದಿಂದ ಕೇಳಿ. ಒಪ್ಪುವುದು ಅವರಿಗೆ ಬಿಟ್ಟದ್ದು. ಹೊಸ ಸಿಟಿ ಸ್ಕ್ಯಾನರ್‌ಗಳು ಒಂದೇ ಸಲಕ್ಕೆ ಫಿಲಂ ಮಬ್ಬು ಮಾಡಬಲ್ಲವು. ಹಳೆಯ ಮಾದರಿಯ ಮಷಿನ್‌ನಲ್ಲಿ 400 ಫಿಲಂ ಒಂದೆರಡು ಸಲ ಹೋದರೆ ಏನೂ ಆಗುವುದಿಲ್ಲ.

ಮನೆಯಲ್ಲಿ ಹೇಗೆ ಇಡಬೇಕು?

ಚರ್ಮದ ಚೀಲದೊಳಗೆ ಇಡಬೇಡಿ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿ ಆಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನಮ್ಮ ಬಯಲುಸೀಮೆ ಕರಾವಳಿಯಷ್ಟು ತೇವ ಅಲ್ಲ, ಆದರೂ ಆಗಸ್ಟ್‌ನಿಂದ ನವೆಂಬರ್ ತನಕ ಎಚ್ಚರ. ಕೆಂಪು ಮಣ್ಣಿನ ಧೂಳು ನಮಗೆ ದೊಡ್ಡ ಶತ್ರು. ಊದುವ ಬಲ್ಬಿನಿಂದ ಮೊದಲು ಊದಿ, ಆಮೇಲೆ ಒರೆಸಿ. ಊದದೆ ಒರೆಸಿದರೆ ಲೆನ್ಸಿಗೆ ಮರಳು ಕಾಗದ ಉಜ್ಜಿದ ಹಾಗೆ. ಶಟರ್ ಎಳೆದು ಇಡಬೇಡಿ, ಹೊಡೆದು ಇಡಿ. ತಿಂಗಳಿಗೊಮ್ಮೆ ಎಲ್ಲ ವೇಗದಲ್ಲೂ ನಾಲ್ಕು ಸಲ ಒತ್ತಿ. ಫಿಲಂ ಫ್ರಿಜ್ಜಿನಲ್ಲಿರಲಿ, ತೆಗೆದ ಮೇಲೆ ಎರಡು ಗಂಟೆ ಬಿಟ್ಟು ಡಬ್ಬಿ ಬಿಚ್ಚಿ.

ಮೊದಲ ರೋಲ್ ಎಲ್ಲಿ ತೆಗೆಯಲಿ?

ನಂದಿ ಬೆಟ್ಟಕ್ಕೆ ಎಲ್ಲರೂ ಹೋಗುತ್ತಾರೆ. ಮಂಜಿನಲ್ಲಿ ಮೊದಲ ರೋಲ್ ಹಾಕಿದರೆ 36ರಲ್ಲಿ 30 ಬರೀ ಬೆಳ್ಳಗೆ ಬರುತ್ತದೆ. ಬೆಟ್ಟದ ಕೆಳಗಿನ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ. ಪ್ರಾಕಾರದ ಕಂಬಗಳ ಸಾಲಿನಲ್ಲಿ ನೆರಳು ಬಿಸಿಲು ಒಂದರ ಪಕ್ಕ ಒಂದು ಇರುತ್ತದೆ. ಕಲ್ಯಾಣಿಯ ಮೆಟ್ಟಿಲ ಗೆರೆಗಳಲ್ಲಿ ಎರಡು ಬಿಂಬ ಕೂಡಿಸುವುದು ಸುಲಭ, ಕಲಿಯಲು ಹೇಳಿ ಮಾಡಿಸಿದ ಜಾಗ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಕೈಯಲ್ಲೇ ಹಿಡಿದು ತೆಗೆಯಿರಿ. ಗರ್ಭಗುಡಿ ಕಡೆ ಕ್ಯಾಮೆರಾ ಎತ್ತಬೇಡಿ.

ಶಿಡ್ಲಘಟ್ಟಕ್ಕೆ ಬರುವುದಾದರೆ ಬೆಳಿಗ್ಗೆ ಹರಾಜಿಗೆ ಮುಂಚೆಯೇ ಬನ್ನಿ. ಮೊದಲ ಅರ್ಧ ಗಂಟೆ ಕ್ಯಾಮೆರಾ ಎತ್ತಬೇಡಿ, ಮಾತಾಡಿಸಿ, ಕೇಳಿ. ಬಿಸಿಲು ಬಾಗಿಲಿನಿಂದ ಓರೆಯಾಗಿ ಬಂದು ಗೂಡಿನ ರಾಶಿಯ ಅಂಚಿಗೆ ಬೀಳುವಾಗ ಅಲ್ಲಿ ನಿಲ್ಲಿ, ಎಫ್ 2.8, 1/60. ಯಾರ ಚಿತ್ರ ತೆಗೆದಿರೋ ಅವರ ಊರು, ಹೆಸರು ಬರೆದುಕೊಳ್ಳಿ. ಮುಂದಿನ ಬೆಳೆಗೆ ಅವರು ಮತ್ತೆ ಗೂಡು ತರುತ್ತಾರೆ, ಆಗ ಪ್ರಿಂಟ್ ಕೈಗೆ ಕೊಡಬಹುದು.